ಹೇಳಿ ಕಳಿಸಿದವರ ಕೈಗೆ

ಬೇಕಾದ ಕೀಲಿ ಸಿಗುತ್ತಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ಮತ್ತೆ ಬಂತು. ಸಿಂಧನೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ದುರುಗೇಶ ಪಾಸ್‌ವರ್ಡನ್ನು ಇನ್ನೊಮ್ಮೆ ಒತ್ತಿದ. ಅದೇ ಸಾಲು. ಹಳೆಯ ಸ್ಕ್ಯಾನುಗಳೆಲ್ಲ ಇದ್ದದ್ದು ಲಿಂಗಸುಗೂರಿನ ಮುಖ್ಯ ಕಚೇರಿಯ ಸರ್ವರಿನಲ್ಲಿ.

ಬಾಗಿಲ ಬಳಿ ಬೆಂಚಿನ ಮೇಲೆ ಗೊರೇಬಾಳದ ಆದಮ್ಮ ಕೂತಿದ್ದಳು. ಅವಳ ಎದೆಯ ಇವತ್ತಿನ ಸ್ಕ್ಯಾನಿನಲ್ಲಿ ಒಂದು ಕಲೆ ಕಂಡಿತ್ತು. ಹೋದ ವರ್ಷದ ಚಿತ್ರದಲ್ಲೂ ಅದು ಅಷ್ಟೇ ಇದ್ದರೆ ಹಳೆಯ ಗಾಯದ ಗುರುತು, ಮನೆಗೆ ಹೋಗಬಹುದು; ಚಿತ್ರ ಸಿಗದಿದ್ದರೆ ಈಗಲೇ ರಾಯಚೂರಿಗೆ ಹೋಗಿ ಅಡ್ಮಿಟ್ ಆಗಬೇಕು ಎಂದಿದ್ದರು ಡಾಕ್ಟರ್.

"ಎಮ್ಮಿ ಹಿಂಡೋ ಹೊತ್ತಾತಪ್ಪಾ," ಎಂದಳು ಆದಮ್ಮ. "ಮನಿ ಕೀಲಿ ಬಾಜೂ ಮನಿ ಬಿಬಿಜಾನ್ ಹಂತ್ಯಾಕ ಐತಿ. ರಾಯಚೂರಿಗೆ ಹೋಗೋದಾದ್ರ ಎಮ್ಮಿ ಹಿಂಡಾಕ ಮಸ್ಕಿಯಿಂದ ನನ್ನ ತಂಗೀನ ಕಳಸಬೇಕು. ನಾ ಹೇಳಿ ಕಳಿಸಿದೋರಿಗೆ ಬಿಟ್ಟು ಯಾರಿಗೂ ಕೊಡಂಗಿಲ್ಲ ಅಕಿ."

"ತಡೀಬೇ ಯವ್ವಾ, ಈಗ ಆಗ್ತೈತಿ," ಎಂದ ದುರುಗೇಶ ಲಿಂಗಸುಗೂರಿನ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಪರ್ವೇಜನಿಗೆ ಫೋನ್ ಹಚ್ಚಿದ.

"ಪಾಸ್‌ವರ್ಡ್ ಬರೋಬ್ಬರಿ ಐತಿ ಭಾಯ್. ಆದ್ರೂ ಒಳಗ ಬಿಡವಲ್ದು."

"ನಿನ್ನೆ ಏನರ ಮುಟ್ಟಿದ್ಯೇನಲೇ?"

ನಿನ್ನೆ ಪೇಶಂಟುಗಳಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗೆ, ಜಾಗ ಆಗಲಿ ಎಂದು ದುರುಗೇಶ ಕಂಪ್ಯೂಟರ್ ಸ್ವಚ್ಛ ಮಾಡಲು ಕೂತಿದ್ದ.

"ಯಾರೂ ತೆರೀದ ಪ್ರೋಗ್ರಾಮ್ ಒಂದೀಟು ತೆಗದೀನಿ."

"ನಾವು ತೆರೆಯಂಗಿಲ್ಲ, ಖರೆ. ಕಂಪ್ಯೂಟರ್ ನಡಸೋ ಕರ್ನಲ್ ಪ್ರೋಗ್ರಾಮ್ ಅವನ್ನ ಕರೀತೈತಿ. ಕಂಪ್ಯೂಟರಿನ ಗೌಡ ಇದ್ದಂಗ ಅದು. ಸರ್ವರ್ ತೆರೆಯೋ ಕೀಲಿ ತನ್ನ ಹಂತ್ಯಾಕ ಇಲ್ಲಂದ್ರ ತಾನ ಎದ್ದು ಹೋಗಂಗಿಲ್ಲ, ನೀ ತೆಗದದ್ದರಾಗಿನ ಒಂದು ಸಣ್ಣ ಪ್ರೋಗ್ರಾಮಿಗೆ ಹೇಳಿ ಕಳಸ್ತೈತಿ. ಅದು ಇಲ್ಲಿ ನಮ್ಮ ಸರ್ವರಿಗೆ ಬಂದು ಕೀಲಿ ಕೇಳಿ ಒಯ್ದು ಕೊಡ್ತೈತಿ. ಕಳಸಾಕ ಇದ್ದ ಆಳನ್ನ ತೆಗದು ಕುಂತೀಯಲ್ಲೋ!"

ದುರುಗೇಶನಿಗೆ ತನ್ನ ಮೇಲೇ ಸಿಟ್ಟು ಬಂತು. ಆದಮ್ಮನ ಕಡೆ ನೋಡಲಾಗದೆ, ತೆಗೆದದ್ದನ್ನು ಮತ್ತೆ ಹಾಕಿದ. ಪಾಸ್‌ವರ್ಡ್ ಇನ್ನೊಮ್ಮೆ ಒತ್ತಿದ. ಈ ಸಲ ಹಳೆಯ ಚಿತ್ರಗಳು ಸಾಲಾಗಿ ತೆರೆದುಕೊಂಡವು.

ಡಾಕ್ಟರ್ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದರು. ಮತ್ತೊಮ್ಮೆ ಅಳೆದರು.

"ಹಳೇ ಕಲೆನ ಐತಿ, ಒಂಚೂರೂ ಬೆಳೆದಿಲ್ಲ. ಮನಿಗೆ ನಡಿಯವ್ವಾ."

ಆದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊಬೈಲನ್ನು ದುರುಗೇಶನ ಮುಂದೆ ಹಿಡಿದು, ಬಿಬಿಜಾನಳ ನಂಬರ್ ಹಚ್ಚಿಕೊಡು ಎಂದಳು. ಅತ್ತ ಹಲೋ ಎನ್ನುವ ಮೊದಲೇ ಕೂಗಿದಳು:

"ಬಿಬಿಜಾನ್, ಕೀಲಿ ಯಾರ ಕೈಗೂ ಕೊಡಬ್ಯಾಡ. ನಾನ ಬರಾಕತ್ತೀನಿ."