ಆಮ್ಸೆಲ್ ಬೊಗಳದ ಹೊತ್ತು

ರೀಕೆ ಅಂಗಳದ ಮೆಟ್ಟಿಲ ಮೇಲೆ ಕೂತು ನಾಯಿ ಆಮ್ಸೆಲಳ ಕೂದಲು ಬಾಚುತ್ತಿದ್ದಳು. ಬಾಲದ ಕಡೆಯಿಂದ ಶುರು. ಎಡಗೈಯಲ್ಲಿ ಮೇಲಿನ ಒರಟು ಕೂದಲನ್ನು ಎತ್ತಿ ಹಿಡಿದು, ಅಡಿಯ ಮೆತ್ತನೆಯ ತುಪ್ಪಟವನ್ನು ಹಣಿಗೆಯಿಂದ ಬಿಡಿಸಿ, ಒಂದು ಸಾಲು ಆದಮೇಲೆ ಇನ್ನೊಂದು ಸಾಲು, ಹಾಗೇ ಕತ್ತಿನವರೆಗೆ. ಸ್ಪಿಟ್ಸ್ ನಾಯಿಗೆ ಸ್ನಾನ ಮಾಡಿಸಬಾರದು, ಕತ್ತರಿ ತಾಗಿಸಬಾರದು. ಕೆಸರು ತಾನಾಗಿ ಒಣಗಿ ಉದುರುತ್ತದೆ. ಬಾಚಿದರೆ ಸಾಕು, ಆದರೆ ಬುಡದವರೆಗೆ ಬಾಚಬೇಕು. ಮೇಲೆಮೇಲೆ ಎಳೆದರೆ ಒಳಗೆ ಗಂಟು ಕಟ್ಟಿ ಚರ್ಮ ಹುಣ್ಣಾಗುತ್ತದೆ. ಕರ್ರಗಿದ್ದ ಆಮ್ಸೆಲ್ ಕಣ್ಣು ಮುಚ್ಚಿ ನಿಂತಿದ್ದಳು. ಬಿಡಿಸಿದ ತುಪ್ಪಟ ರೀಕೆಯ ಪಕ್ಕದ ಬುಟ್ಟಿಯಲ್ಲಿ ಬೂದಿಯ ಗುಡ್ಡೆಯಂತೆ ಏರುತ್ತಿತ್ತು. ಬಾಗಿಲೊಳಗೆ ಅತ್ತೆ ಪೌಲೀನೆ ರಾಟೆ ಮುಂದಿಟ್ಟುಕೊಂಡು ಆ ಬುಟ್ಟಿ ತುಂಬುವುದನ್ನು ಕಾಯುತ್ತಿದ್ದಳು.

ಆ ತುಪ್ಪಟ ನೂಲಾಗುವುದು ಗೋಟ್‌ಹಿಲ್ಫನ ಕಾಲುಚೀಲಕ್ಕೆ. ಗೋಟ್‌ಹಿಲ್ಫ್ ಪೌಲೀನೆಯ ಒಬ್ಬನೇ ಮಗ, ರೀಕೆಯ ಗಂಡ. ರಷ್ಯಾದ ಕಡೆ ಹೋದವನು. ಯುದ್ಧ ಮುಗಿದು ಇದು ಎರಡನೇ ದ್ರಾಕ್ಷಿ ಕೊಯ್ಲು. ಮದುವೆಗೆಂದು ಅವನಿಗೆ ಸಿಕ್ಕಿದ್ದ ರಜೆ ಮುಗಿದ ದಿನ ರೀಕೆ ನೆಕ್ಕಾರ್ ನದಿಯ ದಂಡೆಯವರೆಗೆ ಹೋಗಿ ಬೀಳ್ಕೊಟ್ಟು ಬಂದಿದ್ದಳು. ಈಗ ಅವನ ಮುಖ ನೆನಪು ಮಾಡಿಕೊಳ್ಳಲು ಹೋದರೆ ಗೋಡೆಯ ಮೇಲಿನ ಫೋಟೋ ಮಾತ್ರ ಕಣ್ಣಿಗೆ ಬರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಸಂಜೆಯ ಗಂಟೆ ಬಡಿಯಿತು. ಆಮ್ಸೆಲ್ ಹಣಿಗೆಯಿಂದ ತಪ್ಪಿಸಿಕೊಂಡು ಅಂಗಳದ ಗೇಟಿನ ಕಡೆ ನಡೆದಳು.

ಆಮ್ಸೆಲ್ ಎಂಥ ನಾಯಿಯೆಂದು ಊರಿಗೇ ಗೊತ್ತಿತ್ತು. ತಿಪ್ಪೆಯ ಮೇಲೆ ನಿಂತು ಹಾದಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಬೊಗಳುವಳು. ಪಾದ್ರಿಗೂ ಬೊಗಳುವಳು, ಪಾದ್ರಿಯ ಹೆಂಡತಿ ತರುವ ಮೂಳೆಗೂ ಬೊಗಳುವಳು. ಪರರ ಕೈಯಿಂದ ತುತ್ತು ಮುಟ್ಟಿದವಳಲ್ಲ. ಸರಪಳಿ ಬೇಕಿರಲಿಲ್ಲ. ಮೊಲ ಕಾಲಡಿಯಲ್ಲಿ ಓಡಿದರೂ ಗೇಟು ದಾಟುತ್ತಿರಲಿಲ್ಲ. ಬೇರೆ ನಾಯಿಗಳು ಒಬ್ಬ ಮನುಷ್ಯನನ್ನು ಹಚ್ಚಿಕೊಂಡರೆ ಸ್ಪಿಟ್ಸ್ ಮನೆಯನ್ನು ಹಚ್ಚಿಕೊಳ್ಳುತ್ತದೆ. ಮನೆಯವರು, ಹೊರಗಿನವರು. ಅದರ ಲೆಕ್ಕದಲ್ಲಿ ಮೂರನೆಯದು ಇಲ್ಲ.

ಅಂಥ ಆಮ್ಸೆಲ್ ಈ ಹೊತ್ತಿಗೆ ಮಾತ್ರ ಗೇಟಿನ ಬಳಿ ನಿಂತು ಸುಮ್ಮನಾಗುತ್ತಿದ್ದಳು. ಕಿವಿ ಹಿಂದಕ್ಕೆ ಮಲಗುತ್ತಿದ್ದವು. ಬೆನ್ನ ಮೇಲೆ ಸುತ್ತಿಕೊಂಡ ಬಾಲ ನಿಧಾನವಾಗಿ ಅಲ್ಲಾಡುತ್ತಿತ್ತು. ಆಮೇಲೆ ತಲೆ ಸ್ವಲ್ಪ ಎತ್ತಿ, ಯಾರೋ ಕಿವಿಯ ಹಿಂದೆ ಕೆರೆಯುತ್ತಿದ್ದಾರೆ ಎಂಬಂತೆ ಓರೆ ಮಾಡಿಕೊಂಡು ನಿಲ್ಲುತ್ತಿದ್ದಳು. ಗೇಟಿನಾಚೆ ಖಾಲಿ ಹಾದಿ, ದ್ರಾಕ್ಷಿತೋಟಕ್ಕೆ ಏರುವ ಕಲ್ಲುಮೆಟ್ಟಿಲು, ಒಂದು ಆಕ್ರೋಟಿನ ಮರ.

ಪೌಲೀನೆ ರಾಟೆ ಬಿಟ್ಟು ಎದ್ದು ಬರುತ್ತಿದ್ದಳು, ಕೈಯಲ್ಲಿ ಒಂದು ತಟ್ಟೆ ಆಲೂಗಡ್ಡೆ ಹಿಡಿದು. ಅದು ಅವಳ ಪಾಲಿನದೇ, ಮಗನಿಗೆಂದು ಎತ್ತಿಟ್ಟದ್ದು. ತಟ್ಟೆ ಆರಿ ತಣ್ಣಗಾಗುವವರೆಗೆ ಗೇಟಿಗೆ ಒರಗಿ ನಿಂತು, ಆಮೇಲೆ ಅದನ್ನು ಹಂದಿಗೆ ಸುರಿಯುವಳು. ಬೇಸಿಗೆಯಿಂದ ಹೀಗೇ ನಡೆದಿತ್ತು. ಅವಳ ಕೊರಳೆಲುಬು ಎದ್ದು ಕಾಣುತ್ತಿತ್ತು, ಕೆಮ್ಮು ಹತ್ತಿತ್ತು. ಒಮ್ಮೆ ರೀಕೆ, ಅತ್ತೆ, ಅಲ್ಲಿ ನನಗೇನೂ ಕಾಣಿಸ್ತಿಲ್ಲ ಅಂದಿದ್ದಕ್ಕೆ ಪೌಲೀನೆ ತಿರುಗಿಯೂ ನೋಡದೆ ಹೇಳಿದ್ದಳು:

"ನಿನಗೆಲ್ಲಿ ಗೊತ್ತಾಗತ್ತೆ ಅವನ ಹೆಜ್ಜೆ. ಈ ಮನೆಗೆ ನಿನಗಿಂತ ಆಮ್ಸೆಲ್ ಹಳಬಳು."

ಆ ಮಾತು ರೀಕೆಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ಯಾಕೆಂದರೆ ಅದು ನಿಜ. ನಾಯಿಗೆ ಗುರುತು ಸಿಗುವುದು ಹೆಂಡತಿಗೆ ಸಿಗುತ್ತಿರಲಿಲ್ಲ.

ಕೊಯ್ಲು ಮುಗಿದ ವಾರ ಪಕ್ಕದ ಮನೆಯ ಓಯ್ಗೆನ್ ಯುದ್ಧಸೆರೆಯಿಂದ ಬಿಡುಗಡೆಯಾಗಿ ಬಂದ. ಗೋಟ್‌ಹಿಲ್ಫನ ದಳದಲ್ಲೇ ಇದ್ದವನು. ಆಮ್ಸೆಲ್ ಮರಿಯಾಗಿದ್ದಾಗ ಅವಳನ್ನು ತೊಡೆಯ ಮೇಲೆ ಆಡಿಸಿದವನು. ಆದರೂ ಅವನು ಗೇಟಿಗೆ ಕೈಯಿಟ್ಟಾಗ ಆಮ್ಸೆಲ್ ಆಕಾಶ ಹರಿಯುವ ಹಾಗೆ ಬೊಗಳಿದಳು.

"ಇವಳನ್ನ ಆ ಕಡೆ ಕಳಿಸಿದ್ರೆ ಯುದ್ಧ ಒಂದೇ ವಾರಕ್ಕೆ ಮುಗೀತಿತ್ತು ದೊಡ್ಡಮ್ಮ," ಅಂದ ಅವನು. "ಎರಡೂ ಕಡೆಯವರು ಕಿವಿ ಮುಚ್ಕೊಂಡು ಮನೆಗೆ ಓಡಿರೋರು."

ಪೌಲೀನೆ ನಕ್ಕು ಅವನನ್ನು ಒಳಗೆ ಕೂರಿಸಿ ಸೇಬಿನ ಹುಳಿಮದ್ಯ ಕೊಟ್ಟಳು. ಅವನು ಲೋಟ ಮುಟ್ಟಲಿಲ್ಲ. ಮೇಜಿನ ಮರದ ಗೆರೆ ಸವರುತ್ತ ಹೇಳಬೇಕಾದ್ದನ್ನು ಹೇಳಿದ. ಹಿಮದಲ್ಲಿ ನೆಲ ಕಲ್ಲಾಗಿತ್ತಂತೆ, ಮೊದಲು ಬೆಂಕಿ ಹಾಕಿ ನೆಲ ಮೆತ್ತಗೆ ಮಾಡಿ ಆಮೇಲೆ ಅಗೆದರಂತೆ. ಗೋಟ್‌ಹಿಲ್ಫನಿಗೆ ಗುಂಡಿ ತೋಡಿದವರಲ್ಲಿ ತಾನೂ ಒಬ್ಬ, ಅವನ ಮುಖದ ಮೇಲೆ ಕೋಟು ಮುಚ್ಚಿದವನು ತಾನೇ ಅಂದ. ಪೌಲೀನೆ ಎಲ್ಲವನ್ನೂ ಕೇಳಿದಳು. ಕೇಳಿ, ಅವನ ಕೈಮೇಲೆ ಕೈಯಿಟ್ಟು, ನೀನು ಸುಳ್ಳು ಹೇಳುವವನಲ್ಲ ಮಗನೇ, ಹಸಿವಿನಲ್ಲಿ ಯಾರನ್ನೋ ಅವನೆಂದು ಕಂಡಿರುತ್ತೀಯ ಅಂದಳು. ಸಂಜೆ ಹೊತ್ತಿಗೆ ಬಾ, ನಾಯಿಯನ್ನೇ ಕೇಳು ಅಂದಳು.

ರೀಕೆ ಒಲೆಯ ಪಕ್ಕ ನಿಂತಿದ್ದಳು. ಅಳಬೇಕು ಅನ್ನಿಸಿತು. ಆದರೆ ಆ ಮನೆಯಲ್ಲಿ ಅಳು ಬಂದರೆ ಒಂದು ಸಾವನ್ನು ಒಪ್ಪಿಕೊಂಡ ಹಾಗೆ. ಶೋಕದ ಕಪ್ಪು ಬಟ್ಟೆ ಉಡಲು ಅಪ್ಪಣೆಯಿರಲಿಲ್ಲ, ಚರ್ಚಿನಲ್ಲಿ ಸಾವಿನ ಗಂಟೆ ಬಡಿಸುವ ಹಾಗಿರಲಿಲ್ಲ. ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ದಿನಾ ಸಂಜೆ ಕಾಣದ ಒಬ್ಬನಿಗೆ ಬಾಲ ಅಲ್ಲಾಡುವುದನ್ನು ನೋಡಿಕೊಂಡು, ಇತ್ತ ಅತ್ತೆ ಕೆಮ್ಮುವುದನ್ನು ಕೇಳಿಕೊಂಡು ಎಷ್ಟು ದಿನ ಇರುವುದು? ಇದೇ ನಡೆದರೆ ಚಳಿಗಾಲಕ್ಕೆ ಅತ್ತೆಯೂ ಆ ಗೇಟಿನ ಆಚೆ ಸೇರುತ್ತಾಳೆ.

ರೀಕೆ ಓಯ್ಗೆನ್‌ನನ್ನು ಬೀಳ್ಕೊಡಲು ಹೊರಗೆ ಬಂದಾಗ ಅವನು ಮೆಲ್ಲಗೆ ಕೇಳಿದ, "ಜೀವಗಳಿಗೆ ಹೇಳಿಲ್ವಾ ನೀವು?"

ಇಲ್ಲವೆಂದು ಅವಳು ತಲೆಯಾಡಿಸಿದಳು. ಆ ಸೀಮೆಯಲ್ಲಿ ಮನೆಯ ಯಜಮಾನ ಸತ್ತರೆ ಮನೆಯ ಜೀವಗಳಿಗೆಲ್ಲ ಹೇಳಬೇಕು. ನೆಲಮಾಳಿಗೆಯ ಪೀಪಾಯಿಗಳನ್ನು ಬೆರಳ ಗಿಣ್ಣಿನಿಂದ ತಟ್ಟಿ ಹೇಳಬೇಕು, ಇಲ್ಲವಾದರೆ ದ್ರಾಕ್ಷಾರಸ ಕೆಡುತ್ತದೆ. ಜೇನುಗೂಡಿಗೆ ಹೇಳಬೇಕು, ಇಲ್ಲವಾದರೆ ಹುಳ ಹಾರಿಹೋಗುತ್ತವೆ. ಹಸುವಿಗೆ, ನಾಯಿಗೆ ಹೇಳಬೇಕು. ಹೇಳುವುದು ಮನೆಯ ಹಿರಿಯರು, ಹೆಣ ಹೊಸ್ತಿಲು ದಾಟುವ ಮುಂಚೆ. ಮಾವ ತೀರಿಕೊಂಡಾಗ ಪೌಲೀನೆಯೇ ಹೇಳಿದ್ದಳು. ಅವತ್ತಿನಿಂದ ಆಮ್ಸೆಲ್ ಮಾವನ ಕುರ್ಚಿಯ ಕಡೆ ಕತ್ತು ತಿರುಗಿಸಿಲ್ಲವೆಂದು ಅತ್ತೆಯೇ ಹೆಮ್ಮೆಯಿಂದ ಹೇಳುತ್ತಿದ್ದಳು.

ಇಲ್ಲಿ ದಾಟಿಸಲು ಹೆಣವಿರಲಿಲ್ಲ. ಹೇಳುವ ಹಿರಿಯಳಿಗೆ ಬಾಯಿ ಬರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಪೌಲೀನೆ ದ್ರಾಕ್ಷಿ ಹಿಂಡುವ ಗಾಣದ ಕಡೆ ಹೋದಳು. ರೀಕೆ ನೆಲಮಾಳಿಗೆಗೆ ಇಳಿದು ಪೀಪಾಯಿಗಳನ್ನು ತಟ್ಟಿದಳು. ಒಂದೊಂದಕ್ಕೂ ಹೇಳಿದಳು. ಹಿತ್ತಲಿಗೆ ಹೋಗಿ ಜೇನುಗೂಡಿನ ಹುಲ್ಲಿಗೆ ಬಾಯಿಟ್ಟು ಹೇಳಿದಳು. ಹಸುವಿನ ಹಣೆ ಮುಟ್ಟಿ ಹೇಳಿದಳು. ಕೊನೆಗೆ ತಿಪ್ಪೆಯ ಪಕ್ಕ ಮಂಡಿಯೂರಿ ಆಮ್ಸೆಲಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಗೋಟ್‌ಹಿಲ್ಫ್ ಸತ್ತುಹೋದ. ಇನ್ನು ಅವನು ಈ ಮನೆಯವನಲ್ಲ. ಇನ್ನುಮೇಲೆ ನಾನು ನೋಡ್ಕೋತೀನಿ."

ಆಮ್ಸೆಲ್ ಅವಳ ಕಣ್ಣನ್ನೇ ನೋಡಿದಳು. ಆಮೇಲೆ ಮುಖ ಬಿಡಿಸಿಕೊಂಡು, ಮೈ ಕೊಡವಿ, ಹೋಗಿ ಗೇಟಿಗೆ ಬೆನ್ನು ಹಾಕಿ ಮಲಗಿದಳು. ರೀಕೆ ಒಳಗೆ ಬಂದು ಅಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಸಾಕಾಗುವಷ್ಟು ಅತ್ತಳು. ಎದೆ ಹಗುರಾಯಿತು. ಇಷ್ಟೇ ಇದ್ದದ್ದು, ಮೊದಲೇ ಮಾಡಬೇಕಿತ್ತು ಅಂದುಕೊಂಡಳು.

ಸಂಜೆಯ ಗಂಟೆ ಬಡಿಯಿತು. ಪೌಲೀನೆ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

ಆಮ್ಸೆಲ್ ಎದ್ದಳು. ಮುಂಗಾಲು ಊರಿದಳು. ಕತ್ತಿನ ಸುತ್ತಲಿನ ಕೂದಲು ನಿಮಿರಿತು. ಗೇಟಿಗೆ ಹಾರಿ ಬೊಗಳತೊಡಗಿದಳು, ಭಿಕ್ಷುಕರಿಗೆ, ಕಳ್ಳರಿಗೆ, ಊರಿಗೇ ಹೊಸಬರಾದವರಿಗೆ ಬೊಗಳುವ ಹಾಗೆ. ಗೇಟಿನಾಚೆ ಯಾರೂ ಇರಲಿಲ್ಲ.

ಪೌಲೀನೆ ರೀಕೆಯ ಕಡೆ ತಿರುಗಿದಳು.

"ಏನ್ ಮಾಡ್ದೆ?"

"ಹೇಳ್ದೆ ಅತ್ತೆ."

"ಯಾರಿಗೆ?"

"ಎಲ್ಲಕ್ಕೂ."

ಅತ್ತೆ ಬಯ್ಯಬಹುದು, ಕೈಯೆತ್ತಬಹುದು ಎಂದು ರೀಕೆ ನಿಂತಳು. ಪೌಲೀನೆ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಗೋಡೆ ಹಿಡಿದುಕೊಂಡು ಕೂತಳು.

"ಅಷ್ಟು ದೂರದಿಂದ ನಡ್ಕೊಂಡು ಬರ್ತಿದ್ದ ಕಣೇ," ಅಂದಳು. "ಇದೊಂದೇ ಬಾಗಿಲು ಅವನಿಗೆ."

ರೀಕೆ ಓಡಿಹೋಗಿ ಆಮ್ಸೆಲಳ ಕತ್ತಿನ ಕೂದಲು ಹಿಡಿದು ಎಳೆದಳು. ಬೆರಳಡಿಯಲ್ಲಿ ನಾಯಿಯ ಮೈ ಹಗ್ಗದ ಹಾಗೆ ಬಿಗಿದಿತ್ತು. ಸುಮ್ಮನಿರು, ನಮ್ಮವನೇ, ನಮ್ಮವನೇ ಅಂದಳು. ಆಮ್ಸೆಲ್ ಕೇಳಲಿಲ್ಲ. ಒಮ್ಮೆ ಹೊರಗಿನವನೆಂದು ಹೇಳಿಸಿಕೊಂಡ ಮೇಲೆ ಮುಗಿಯಿತು. ಹಾಗೆ ಬೊಗಳುತ್ತಲೇ ಅವಳ ತಲೆ ನಿಧಾನವಾಗಿ ಬಲಕ್ಕೆ ತಿರುಗತೊಡಗಿತು, ಗೇಟಿನಿಂದ ಗೋಡೆಯುದ್ದಕ್ಕೆ, ಗೋಡೆಯಿಂದ ಆಕ್ರೋಟಿನ ಮರದ ಕಡೆಗೆ. ಯಾರೋ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತ, ಅವಸರವಿಲ್ಲದೆ ಹೋಗುವಷ್ಟೇ ನಿಧಾನ. ಎಡಗಾಲು ಸ್ವಲ್ಪ ಎಳೆದು ಹಾಕುವವನ ಹಾಗೆ, ಒಂದು ತಡೆ, ಒಂದು ಸಾಗು.

ಎಡಗಾಲು. ನದಿಯ ದಂಡೆಯಲ್ಲಿ ಅವನು ಹಾಗೇ ನಡೆದುಹೋಗಿದ್ದ, ಹೊಸ ಬೂಟು ಕಚ್ಚುತ್ತದೆ ಅನ್ನುತ್ತ, ನಗುತ್ತ. ಫೋಟೋದಲ್ಲಿ ಇಲ್ಲದ ಆ ನಗುಮುಖ ಪೂರ್ತಿಯಾಗಿ ರೀಕೆಯ ಕಣ್ಣೆದುರು ಬಂದು ನಿಂತಿತು.

ಅವಳು ಅಗುಳಿ ಸರಿಸಿ ಗೇಟು ತೆರೆದಳು. ಆಮ್ಸೆಲ್ ಗೇಟು ದಾಟಲಿಲ್ಲ, ಬೊಗಳುವುದನ್ನೂ ನಿಲ್ಲಿಸಲಿಲ್ಲ. ರೀಕೆ ಹಾದಿಗೆ ಇಳಿದು ಮರದ ಕಡೆ ಮುಖ ಮಾಡಿ, ನಾಯಿಯ ದನಿಯ ಮೇಲೆ ತನ್ನ ದನಿ ಕೇಳಿಸುವ ಹಾಗೆ ಅಂದಳು:

"ಸ್ವಲ್ಪ ನಿಲ್ಲು. ಒಳಗೆ ಬಾ."