ಅಳಿಯ ಹತ್ತುವ ಹಡಗು

ನೀರು ಬಸಿದ ರಿಪೇರಿ ಡಾಕಿನಲ್ಲಿ ನಿಂತಿದ್ದ ಸರಕು ಹಡಗು, ಮುಖ ತೊಳೆಯದೆ ಪೌಡರ್ ಮೆತ್ತಿಕೊಂಡವರ ಹಾಗೆ ಹೊಸ ಬಣ್ಣದಲ್ಲಿ ಮಿರುಗುತ್ತಿತ್ತು. ಎಷ್ಟು ತಗಡು ಬದಲಿಸಬೇಕೆಂದು ಬರೆದುಕೊಡುವ ಅಂದಾಜುಗಾರನಿಗೆ ಬಣ್ಣದ ಮೇಲೆ ನಂಬಿಕೆಯಿಲ್ಲ. ಸುತ್ತಿಗೆಯಿಂದ ತಗಡು ತಟ್ಟಿ ಕಿವಿಗೊಡುತ್ತಿದ್ದ. ‘ಟಣ್’ ಅಂದರೆ ಗಟ್ಟಿ. ‘ದಬ್’ ಅಂದರೆ ತುಕ್ಕು ತಿಂದು ತೇಗಿದೆ. ದಬ್ ಅಂದದ್ದಕ್ಕೆ ಸೀಮೆಸುಣ್ಣದ ಉಂಗುರ. ಮ್ಯಾನೇಜರು ಒಪ್ಪಿದರೆ ಉಂಗುರದ ನಡುವೆ ಉಕ್ಕಿನ ಮೊಳೆಯಂಥ ಪಂಚ್ ಹೊಡೆದು ತಗಡಿನಲ್ಲೇ ಕುಳಿಬೀಳುವ ಚುಕ್ಕಿ. ಚುಕ್ಕಿ ಬಿದ್ದ ತಗಡು ಬದಲಿಸದೆ ಹಡಗು ನೀರಿಗಿಳಿಯುವಂತಿಲ್ಲ. ಅದು ಅಲ್ಲಿನ ಕಟ್ಟುಪಾಡು.

“ಎಷ್ಟು?” ಎಂದರು ಮ್ಯಾನೇಜರು.

“ಹನ್ನೊಂದು, ಸಾರ್.”

“ಎರಡು ಅಂತ ಬರಿ. ಐದು ದಿನಕ್ಕೆ ಬಿಡ್ತೀನಿ ಅಂತ ಮಾಲೀಕರಿಗೆ ಮಾತು ಕೊಟ್ಟಿದೀನಿ.” ಒದ್ದೆ ಬಟ್ಟೆ ತೆಗೆದು ಒಂಬತ್ತು ಉಂಗುರ ಒರೆಸಿಯೇಬಿಟ್ಟರು.

“ಒರೆಸಿದ್ರೆ ತುಕ್ಕು ಹೋಗಲ್ಲ ಸಾರ್.”

“ಉಂಗುರ ಹೋಯ್ತಲ್ಲ? ಮಧ್ಯಾಹ್ನದೊಳಗೆ ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ಪೊರಕೆ ಹಿಡಿ.”

ಟೀ ಹೊತ್ತಿನಲ್ಲಿ ಅಂದಾಜುಗಾರ ಹೊಟ್ಟೆ ಮುಂದೂಡಿ, ಮೂಗಿನಲ್ಲೇ ಮಾತಾಡಿ ಮ್ಯಾನೇಜರರನ್ನು ಅಣಕಿಸಿದ: “ತುಕ್ಕು ಅನ್ಬೇಡ್ರಯ್ಯ, ಹಡಗಿನ ಅನುಭವ ಅನ್ನಿ.” ವೆಲ್ಡರುಗಳು ಬಿದ್ದು ಬಿದ್ದು ನಕ್ಕರು. ಅವನು ಮಾತ್ರ ಟೀ ಲೋಟ ಕೆಳಗಿಟ್ಟ. ಹೋದ ತಿಂಗಳು ಇನ್ನೊಂದು ಹಡಗಿಗೆ ಹೀಗೇ ಸಹಿ ಹಾಕಿ ನಿದ್ದೆಗೆಟ್ಟಿದ್ದ. ಇದರಲ್ಲಿ ಹೋಗುವವರು ಇಪ್ಪತ್ತೆರಡು ಜನ. ಯಾರು ಯಾರೆಂದು ನೋಡಲು ಹಡಗು ಹತ್ತಿದ; ಗೋಡೆಯಲ್ಲಿದ್ದ ಸಿಬ್ಬಂದಿ ಪಟ್ಟಿ ಓದಿ, ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ.

“ಸಾರ್, ನಿಮ್ಮ ಅಳಿಯಂದಿರು ಹಡಗಿನ ಎಂಜಿನಿಯರ್ ಅಲ್ವಾ?”

“ಹೌದು, ಯಾಕೆ?”

“ಇದರ ಪಟ್ಟಿಯಲ್ಲಿ ಅವರ ಹೆಸರಿದೆ. ಎಂಜಿನ್ ಕೋಣೆ, ನೀವು ಒರೆಸಿದ ಏಳನೇ ಉಂಗುರದ ಹಿಂದೇನೇ.”

ಮ್ಯಾನೇಜರರ ಮುಖದ ಬಣ್ಣ ಹೆರೆಯದೆಯೇ ಉದುರಿತು. ಸೀಮೆಸುಣ್ಣ ಕಿತ್ತುಕೊಂಡು ಕೈಗೆಟುಕಿದ ಕಡೆಯೆಲ್ಲ ಉಂಗುರ ಎಳೆದರು.

“ಸಾರ್, ಅದು ಗಟ್ಟಿ ತಗಡು.”

“ಇರಲಿ ಬಿಡಪ್ಪ, ಮಗಳಿಗೆ ನಾನೇನು ಹೇಳಲಿ? ನೀನು ಪಂಚ್ ಹೊಡಿ.”

ಅಪ್ಪಣೆ ಬಾಯಿಂದ ಬಿದ್ದದ್ದೇ ತಡ, ಅಂದಾಜುಗಾರ ಹಿಂದೆಯೇ ಹೋಗಿ ಹೊಡೆದ. ನಲವತ್ತು ಉಂಗುರಗಳಲ್ಲಿ ತನ್ನ ಹನ್ನೊಂದಕ್ಕೆ ಮಾತ್ರ.

ಸಂಜೆ ಮಗಳ ಫೋನು ಬಂತು: ಗಂಡನನ್ನು ಬೇರೆ ಹಡಗಿಗೆ ಹಾಕಿದ್ದಾರೆ. ಮ್ಯಾನೇಜರು ಸಿಳ್ಳೆ ಹಾಕುತ್ತಾ ಒದ್ದೆ ಬಟ್ಟೆ ಹಿಡಿದು ಬಂದರು. ನಲವತ್ತು ಉಂಗುರವೂ ಹೋದವು. ಹನ್ನೊಂದು ಚುಕ್ಕಿ ಉಳಿದವು. ಹೆಬ್ಬೆರಳಿನಿಂದ ತಿಕ್ಕಿದರು, ಉಗುಳು ಹಚ್ಚಿ ತಿಕ್ಕಿದರು.

“ಇದು ಹೋಗೋದು ಹೇಗೆ?”

“ತಗಡು ಬದಲಿಸಿದ್ರೆ ಹೋಗತ್ತೆ ಸಾರ್. ಅಳಿಯಂದಿರು ಯಾವ ಹಡಗಿಗೆ ಹೋದ್ರು?”

“ಹೋದ ತಿಂಗಳು ನಮ್ಮಲ್ಲೇ ರಿಪೇರಿಯಾಯ್ತಲ್ಲ, ಅದು.” ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. “ಅದಕ್ಕೆ ನೀನು ಎಷ್ಟು ಬರೆದಿದ್ದೆ?”

“ಹದಿನಾಲ್ಕು ಬರೆದಿದ್ದೆ ಸಾರ್,” ಎಂದ ಅಂದಾಜುಗಾರ. ಈ ಸಲ ಅವನು ಯಾರ ದನಿಯನ್ನೂ ಅಣಕಿಸಲಿಲ್ಲ. “ನೀವು ಮೂರು ಮಾಡಿಸಿದ್ರಿ. ಸಹಿ ನಂದೇ.”