ಸನ್ನೆ ಬದಲಾಯಿಸಬೇಡಿ

ಚರ್ಚಿನ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ಡೆರಿಕ್ ಆ ಕುಂಟನನ್ನು ಮೆಟ್ಟಿಲ ಮೇಲೇ ತಡೆದು ನಿಲ್ಲಿಸಿದ.

"ಒಳಗೆ ಬರೋ ಹಾಗಿಲ್ಲ."

"ಹಾಗೆ ಹೇಳಕ್ಕೆ ನೀನ್ಯಾರಪ್ಪಾ?"

"ಸತ್ತೋರ ಮಗ."

ಆತ ಅಗಲ ಅಂಚಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಅರವತ್ತರ ಆಸುಪಾಸಿನ ದೊಡ್ಡ ಆಳು. ಬಲಗಾಲು ಮಾತ್ರ ಬೇರೆ ಯಾರದ್ದನ್ನೋ ತಂದು ಮಂಡಿಯ ಕೆಳಗೆ ಸಿಕ್ಕಿಸಿದಂತೆ ಹೊರಕ್ಕೆ ತಿರುಗಿತ್ತು. ಈ ಮುಖವನ್ನು ಡೆರಿಕ್ ಎದುರಾಬದುರು ಕಂಡದ್ದು ಇವತ್ತೇ. ದನಿ ಮಾತ್ರ ಹಳೆಯದು. ಅವನು ಐದನೇ ಕ್ಲಾಸಿನಲ್ಲಿದ್ದಾಗ ಇದೇ ದನಿ ರೇಡಿಯೋದಲ್ಲಿ ಕೂತು, ಇಡೀ ದೇಶಕ್ಕೆ ಕೇಳುವಂತೆ, "ರಸ್ ಕೋವಾಲಿಕ್ ಒಂದು ಇಲಿ. ನಮ್ಮ ಜೊತೆ ತಿಂದು, ನಮ್ಮ ಗುಟ್ಟನ್ನೇ ಹೊತ್ಕೊಂಡು ಹೋದ ಇಲಿ" ಎಂದಿತ್ತು.

ರಾಯ್ಸ್ ಡೆಂಟನ್. ಅಪ್ಪನ ಹಳೇ ಫುಟ್‌ಬಾಲ್ ತಂಡದ ಮುಖ್ಯ ಆಟಗಾರ. ಟೆಕ್ಸಾಸಿನಿಂದ ಇಷ್ಟು ದೂರ, ಪೆನ್ಸಿಲ್ವೇನಿಯಾದ ಈ ಬಾಗಿಲು ಮುಚ್ಚಿದ ಉಕ್ಕಿನ ಕಾರ್ಖಾನೆಯ ಊರಿಗೆ, ಹೆಣದ ಮೇಲೂ ಉಗಿಯಲು ಬಂದಿದ್ದಾನೆ.

"ಅವತ್ತು ರೇಡಿಯೋದಲ್ಲಿ ಅಂದಿದ್ದು ಸುಳ್ಳು ಅಂತ ನಮ್ಮಪ್ಪನ ಮುಖ ನೋಡ್ಕೊಂಡು ಹೇಳಿ. ಪೆಟ್ಟಿಗೆ ಮುಚ್ಚೋದ್ರೊಳಗೆ. ಹೇಳೋದಾದ್ರೆ ಬನ್ನಿ, ಇಲ್ಲಾಂದ್ರೆ ಬಂದ ದಾರಿ ಹಿಡೀರಿ."

ಒಳಗಿನಿಂದ ಸ್ಟಾನ್ ಚಿಕ್ಕಪ್ಪ ಇಣುಕಿದ. "ಏನೋ ಇದು, ಸಿನಿಮಾ ಗೇಟಿನೋನ ಥರ ನಿಂತಿದೀಯ? ಟಿಕೆಟ್ ಹರೀತಿದೀಯಾ?" ಎಂದವನು, ಮೆಟ್ಟಿಲ ಮೇಲಿದ್ದವನ ಗುರುತು ಹತ್ತಿದ್ದೇ ನಗು ನುಂಗಿಕೊಂಡು ಒಳಗೆ ಓಡಿದ.

*

ರಸ್ ಕೋವಾಲಿಕ್ ಒಂಬತ್ತು ವರ್ಷದಲ್ಲಿ ಏಳು ಅಮೆರಿಕನ್ ಫುಟ್‌ಬಾಲ್ ತಂಡ ಸುತ್ತಿದವನು. ಎಲ್ಲ ಕಡೆಯೂ ಬದಲಿ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವ ಮುಖ್ಯ ಆಟಗಾರನಿಗೆ ಏಟು ಬಿದ್ದರೆ ಇರಲಿ ಎಂದು ಇಟ್ಟುಕೊಂಡ ಆಳು. ಏಟು ಬೀಳದಿದ್ದರೆ ವರ್ಷವಿಡೀ ಗೆರೆಯಾಚೆಯೇ ನಿಂತಿರಬೇಕಾದವನು. ಹೆಲ್ಮೆಟ್ಟಿನೊಳಗೆ ರೇಡಿಯೋ ಇನ್ನೂ ಬಂದಿರದ ಕಾಲ ಅದು. ಮುಂದೆ ಯಾವ ಆಟ ಕಟ್ಟಬೇಕೆಂದು ಕೋಚ್ ಇವನ ಕಿವಿಯಲ್ಲಿ ಹೇಳಬೇಕು, ಇವನು ಕೈಸನ್ನೆಯಲ್ಲಿ ಮೈದಾನದೊಳಕ್ಕೆ ದಾಟಿಸಬೇಕು. ಮೂಗು ಮುಟ್ಟಿದರೆ ಒಂದು, ಮೊಣಕೈ ತಟ್ಟಿದರೆ ಇನ್ನೊಂದು. ಆಟ ಬಿಟ್ಟು ಊರಿಗೆ ಬಂದು ಸ್ಕೂಲ್ ಬಸ್ ಓಡಿಸತೊಡಗಿದ ಮೇಲೂ ಆ ಕೈಗಳಿಗೆ ಬಿಡುವಿರಲಿಲ್ಲ. ಊಟಕ್ಕೆ ಕೂತು ಕಿವಿ ಎಳೆದುಕೊಂಡರೆ ಹೆಂಡತಿ ಮಾರ್ಲೀನ್ ಉಪ್ಪು ದಾಟಿಸುತ್ತಿದ್ದಳು.

ರೇಡಿಯೋದ ಆ ಮಾತಿನ ಮಾರನೇ ದಿನ ಬಸ್ಸಿನ ಹಿಂದಿನ ಸೀಟಿನಿಂದ ಶುರುವಾಯಿತು: ಕಿಚ್, ಕಿಚ್, ಕಿಚ್. ಮುಂದಿನ ಸ್ಟಾಪಿನ ಹೊತ್ತಿಗೆ ಇಡೀ ಬಸ್ಸು ಇಲಿಯಾಗಿತ್ತು. ಓಡಿಸುತ್ತಿದ್ದವನು ರಸ್ಸೇ. ಕನ್ನಡಿಯಲ್ಲಿ ಕಾಣುತ್ತಿದ್ದ ಅಪ್ಪನ ಕಣ್ಣು ರಸ್ತೆ ಬಿಟ್ಟು ಕದಲದ್ದನ್ನು ನೋಡಿ ನೋಡಿ, ಡೆರಿಕ್ ಎದ್ದು ಸಿಕ್ಕಿದವನ ಮೇಲೆ ಬಿದ್ದ.

ಸಂಜೆ ಅಡುಗೆಮನೆಯಲ್ಲಿ ರಸ್ ಮಗನ ಒಡೆದ ತುಟಿಯನ್ನು ಹತ್ತಿಯಿಂದ ಒರೆಸುತ್ತಿದ್ದ.

"ನೀನು ಅದನ್ನ ಮಾಡಿದ್ಯಾ ಅಪ್ಪಾ?"

"ತುಟಿ ಅಲ್ಲಾಡಿಸಬೇಡ. ರಕ್ತ ಬರುತ್ತೆ."

"ಮಾಡಿಲ್ಲ ಅಂದ್ಬಿಡು ಸಾಕು. ನಾಳೆ ನಾನು ಎಲ್ಲರಿಗೂ ಹೇಳ್ತೀನಿ."

ರಸ್ ಹತ್ತಿಯನ್ನು ಇನ್ನೊಂದು ಸಲ ಅದ್ದಿದ. "ಅಲ್ಲಾಡಿಸಬೇಡ ಅಂದ್ನಲ್ಲ."

ಆ ಮಾತನ್ನು ಡೆರಿಕ್ 'ಮಾಡಿಲ್ಲ' ಎಂದೇ ಅರ್ಥ ಮಾಡಿಕೊಂಡ. ಅದನ್ನು ನಂಬಿ ಹೊಡೆದಾಡಿದ, ಸ್ಕೂಲಿನಿಂದ ಹೊರಬಿದ್ದ, ಟೈರ್ ಅಂಗಡಿ ಸೇರಿದ ಮೇಲೂ ಒಬ್ಬ ಗಿರಾಕಿಯ ದವಡೆ ತಿರುಗಿಸಿದ.

*

"ಬಂದ್ಯಾ ರಾಯ್ಸ್? ಒಳಗೆ ಬಾ, ಚಳಿ."

ಮಾರ್ಲೀನ್ ಮಗನ ಬೆನ್ನ ಹಿಂದೆ ನಿಂತಿದ್ದಳು.

"ಅಮ್ಮಾ, ಇವರು ಯಾರು ಗೊತ್ತೇನಮ್ಮಾ ನಿನಗೆ?"

"ನಾನೇ ಫೋನ್ ಮಾಡಿ ಕರೆಸಿದ್ದು. ನಿಮ್ಮಪ್ಪನ ಕೈಲಿ ಆಗಲಿಲ್ಲ, ನಾನು ಮಾಡಿದೆ. ಕೈ ತೆಗಿ."

ಡೆರಿಕ್ ಕೈ ತೆಗೆದ. ಆದರೆ ರಾಯ್ಸ್‌ನ ನೆರಳಿನಂತೆ ಪೆಟ್ಟಿಗೆಯವರೆಗೂ ಹೋದ. ಮೂರು ದಿನದ ಹಿಂದೆ ಮನೆ ಮುಂದಿನ ಹಿಮ ತೆಗೆಯುತ್ತ ಸಲಿಕೆಗೇ ಒರಗಿ ಕುಸಿದಿದ್ದ ರಸ್, ಯಾರೋ ಬಾಚಿದ ತಲೆ, ಜಪಮಾಲೆ ಸುತ್ತಿದ ಕೈಗಳೊಡನೆ ಮಲಗಿದ್ದ. ನೆಲಮಾಳಿಗೆಯಲ್ಲಿ ಹೆಂಗಸರು ಆಮೇಲಿನ ಊಟಕ್ಕೆಂದು ಎಲೆಕೋಸು ಹುರಿಯುತ್ತಿದ್ದ ಬೆಣ್ಣೆಯ ವಾಸನೆ ಧೂಪವನ್ನೂ ಮೀರಿ ಬರುತ್ತಿತ್ತು.

"ಈ ಕೈ ಸುಮ್ನೆ ಇದ್ದಿದ್ದನ್ನ ನಾನು ನೋಡೇ ಇರ್ಲಿಲ್ಲ ಮಾರ್ಲೀನ್" ಎಂದ ರಾಯ್ಸ್.

"ಹೇಳಿ" ಎಂದ ಡೆರಿಕ್. "ಸುಳ್ಳು ಅಂತ ಹೇಳಿ."

"ಸುಳ್ಳಲ್ಲ ಮಗಾ."

ಡೆರಿಕ್ ಮುಷ್ಟಿ ಬಿಗಿದ. ಮಾರ್ಲೀನ್ ಅವನ ತೋಳು ಹಿಡಿದು ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ರಾಯ್ಸ್ ನಿಂತೇ ಇದ್ದ.

"ನನಗೆ ಸನ್ನೆ ಮಾಡ್ತಿದ್ದೋನು ಇವನು. ಅಕ್ಟೋಬರಲ್ಲಿ ನಮ್ಮ ತಂಡದೋರು ಇವನನ್ನ ಕೈಬಿಟ್ರು. ಮುಂದಿನ ಭಾನುವಾರ ನಮ್ಮೆದುರು ಆಡಬೇಕಿದ್ದೋರು ತಕ್ಷಣ ಎತ್ತಾಕ್ಕೊಂಡ್ರು. ಇವನ ತೋಳಿಗಲ್ಲ, ತಲೇಲಿದ್ದ ನಮ್ಮ ಸನ್ನೆಗೆ. ಎಲ್ಲ ತಂಡಾನೂ ಮಾಡುತ್ತೆ. ಅದಕ್ಕೇ ಅಂಥಾ ವಾರ ಸನ್ನೆ ಎಲ್ಲ ಬದಲಾಯಿಸಿಬಿಡ್ತಾರೆ. ನಮ್ಮ ಕೋಚೂ ಹೊರಟಿದ್ದ. ನಾನೇ ತಡೆದೆ. 'ಸನ್ನೆ ಬದಲಾಯಿಸಬೇಡಿ, ಹೋಗಿರೋನು ರಸ್ಸು, ಅವನು ಬಾಯಿ ಬಿಡಲ್ಲ' ಅಂದೆ."

ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುವುತ್ತಿದ್ದ.

"ಆ ಭಾನುವಾರ ನಾನು ಯಾವ ಕಡೆ ತಿರುಗ್ತೀನೋ ಅದೇ ಕಡೆ ಇಬ್ಬರು ಕಾಯ್ತಿದ್ರು. ಕಾಲು ಮುರಿದು ನೆಲಕ್ಕೆ ಬಿದ್ದು ನೋಡ್ತೀನಿ, ಇವನು ಅವರ ಅಂಗಿ ಹಾಕ್ಕೊಂಡು ನನ್ನ ಕಡೆ ಓಡಿ ಬರ್ತಿದಾನೆ. ಅವರ ಕೋಚು ಕತ್ತಿನ ಪಟ್ಟಿ ಹಿಡಿದು ವಾಪಸ್ ಎಳಕೊಂಡು ಹೋದ. ಅದೇ ಕೊನೆ. ಆಮೇಲೆ ಇವತ್ತೇ ನೋಡ್ತಿರೋದು."

"ಅಪ್ಪ ಯಾಕೆ ಹಾಗೆ ಮಾಡಿದ?" ಎಂದ ಡೆರಿಕ್.

"ನನಗೂ ತಡವಾಗಿ ಗೊತ್ತಾಯ್ತು. ಆ ವಾರ ಅವನ ಮಗು ಆಸ್ಪತ್ರೆಲಿ ಗಾಜಿನ ಪೆಟ್ಟಿಗೇಲಿತ್ತು. ತಿಂಗಳು ತುಂಬದೆ ಹುಟ್ಟಿದ್ದು. ಯಾವುದೋ ಒಂದು ತಂಡದಲ್ಲಿ ಉಳಕೊಂಡಿದ್ರೆ ಮಾತ್ರ ಆಸ್ಪತ್ರೆ ಖರ್ಚು ತಂಡದ್ದು. ಬಾಯಿ ಬಿಡದೇ ಇದ್ರೆ ಸೋಮವಾರವೇ ಹೊರಗೆ." ಕಣ್ಣೆತ್ತಿದ. "ನೀನು ಅಕ್ಟೋಬರಲ್ಲಿ ಹುಟ್ಟಿದೋನು ತಾನೇ?"

ಡೆರಿಕ್ ಅಮ್ಮನ ಕಡೆ ನೋಡಿದ. ಅವಳು ಪೆಟ್ಟಿಗೆಯ ಕಡೆ ನೋಡುತ್ತಿದ್ದಳು.

"ಇಷ್ಟೆಲ್ಲ ಗೊತ್ತಿದ್ದೂ ರೇಡಿಯೋದಲ್ಲಿ ಇಲಿ ಅಂದ್ರಾ?"

"ಬೈಯಕ್ಕಾದ್ರೂ ಫೋನ್ ಮಾಡ್ತಾನೆ ಅಂತ." ರಾಯ್ಸ್ ಮೂಗೊರೆಸಿಕೊಂಡ. "ಹತ್ತು ವರ್ಷ ಕಾದಿದ್ದೆ. ಕಾಲು ಹೋಗಿದ್ದಕ್ಕಲ್ಲ. ನನ್ನ ಮಗು ಆಗಿದ್ರೆ ನಾನೂ ಬಾಯಿ ಬಿಡ್ತಿದ್ದೆ. ಆದ್ರೆ ಆಮೇಲೆ ಒಂದೇ ಒಂದು ಫೋನ್ ಮಾಡ್ತಿದ್ದೆ."

"ಎತ್ತಿ ಎತ್ತಿ ಇಡ್ತಿದ್ದ" ಎಂದಳು ಮಾರ್ಲೀನ್. "ಮಾಡೋ ಮಾರಾಯ ಅಂದ್ರೆ, 'ಏನಂತ ಹೇಳಲೇ? ತಪ್ಪಾಯ್ತು ಅಂದ್ರೆ ಮಗು ಉಳಿದಿದ್ದು ತಪ್ಪು ಅಂದ ಹಾಗಾಗುತ್ತೆ. ಆ ಮಾತು ನನ್ನ ಬಾಯಲ್ಲಿ ಬರಲ್ಲ' ಅಂತಿದ್ದ."

*

ಪ್ರತಿ ಅಕ್ಟೋಬರಿನಲ್ಲೂ ಕೇಕಿನ ಮೇಲೆ ಮೇಣದಬತ್ತಿ ಹಚ್ಚಿಕೊಟ್ಟು, ಮಗ ಊದುವುದರೊಳಗೆ ರಸ್ ಎದ್ದು ಹೋಗಿಬಿಡುತ್ತಿದ್ದ. ತನ್ನನ್ನು ಕಂಡರೆ ಅಪ್ಪನಿಗೆ ಆಗುವುದಿಲ್ಲವೆಂದೇ ಡೆರಿಕ್ ತಿಳಿದಿದ್ದ. ಒಂದು ವರ್ಷ ಕಿಟಕಿಯಿಂದ ಇಣುಕಿದ. ಒಣಹಾಕಿದ ಬಟ್ಟೆಗಳಾಚೆ ಅಪ್ಪ ಒಬ್ಬನೇ ನಿಂತು ಖಾಲಿ ಹಿತ್ತಲಿಗೆ ಸನ್ನೆ ಮಾಡುತ್ತಿದ್ದ. ಮೂಗು. ಮೊಣಕೈ. ಮತ್ತೆ ಮೂಗು. ಸ್ವಲ್ಪ ಹೊತ್ತು ಕಾದ. ನೋಡಬೇಕಾದವನು ನೋಡಲಿಲ್ಲವೇನೋ ಎಂಬಂತೆ ಮೊದಲಿನಿಂದ ಶುರುಮಾಡಿದ.

*

ಪೂಜೆ ಮುಗಿದು ಮುಚ್ಚಳ ಬಿತ್ತು. ಹೊರುವವರು ಒಂದೊಂದು ಕಡೆ ಮೂವರಂತೆ ಸಾಲುಗಟ್ಟಿದರು. ಎಡಗಡೆ ಮುಂದಿನ ಹಿಡಿ ಡೆರಿಕ್‌ನದು. ಎದುರಿನ ಹಿಡಿಗೆ ಕೈ ಹಾಕಿದ್ದ ಸ್ಟಾನ್ ಚಿಕ್ಕಪ್ಪನ ಮಗನಿಗೆ ಅವನು ಹೇಳಿದ: "ನೀನು ಬಿಡು."

"ಯಾಕೋ?"

"ಬಿಡು ಅಂದೆ." ಕಂಬದ ಹತ್ತಿರ ಟೋಪಿ ಹಿಡಿದು ನಿಂತಿದ್ದವನ ಕಡೆ ತಿರುಗಿದ. "ಬನ್ನಿ. ಇಲ್ಲಿ ಹಿಡೀರಿ."

ಸ್ಟಾನ್ ಓಡಿ ಬಂದ. "ತಲೆ ಕೆಟ್ಟಿದೆಯೇನೋ? ಸ್ಮಶಾನಕ್ಕೆ ದಿಬ್ಬ ಹತ್ತಬೇಕು, ಕಾಲಡಿ ಎಲ್ಲ ಮಂಜುಗಡ್ಡೆ. ಆ ಕಾಲಲ್ಲಿ ಎತ್ಹಾಕಿದ್ರೆ?"

"ಎತ್ಹಾಕಲಿ."

"ನನ್ನ ಕೈಲಿ ಬೇಗ ನಡೆಯಕ್ಕಾಗಲ್ಲ ಮಗಾ" ಎಂದ ರಾಯ್ಸ್.

"ಇಲ್ಲಿ ಯಾರಿಗೂ ಅವಸರ ಇಲ್ಲ."

ಹೊರಬಿದ್ದ ಮೊದಲ ಹೆಜ್ಜೆಗೇ ಪೆಟ್ಟಿಗೆ ಬಲಕ್ಕೆ ಕುಸಿಯಿತು. ಎರಡನೆಯದಕ್ಕೆ ಹಿಂದಿದ್ದವನೊಬ್ಬ ಮುಗ್ಗರಿಸಿ "ಯೇಸುವೇ" ಎಂದ. ಡೆರಿಕ್ ಎದುರಿನ ಕಾಲನ್ನೇ ನೋಡುತ್ತ ತನ್ನ ಹೆಜ್ಜೆಯನ್ನು ಮೊಟಕು ಮಾಡಿಕೊಂಡ. ರಾಯ್ಸ್ ಬಲಗಾಲು ಎಳೆದಾಗ ತಾನೂ ಎಳೆದ. ಅವನನ್ನು ನೋಡಿ ಹಿಂದಿನವನು, ಅವನನ್ನು ನೋಡಿ ಅವನ ಹಿಂದಿನವನು.

ನೆಲಮಾಳಿಗೆಯ ಹೆಂಗಸರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಾಗ ಪಾದ್ರಿ ದಿಬ್ಬದ ನಡುವೆ ನಿಂತು, ಹಿಂತಿರುಗಿ ಕಾಯುತ್ತಿದ್ದ. ಕೆಳಗೆ ಪೆಟ್ಟಿಗೆ ನಿಧಾನವಾಗಿ, ಈಗ ಸ್ವಲ್ಪವೂ ವಾಲದೆ, ಮೇಲೇರಿ ಬರುತ್ತಿತ್ತು. ಹೊತ್ತ ಆರು ಜನರೂ ಕುಂಟುತ್ತಿದ್ದರು.